ಹ್ಯಾರಿಸನ್ ಹರಟೆ: ಕೈಗೆ ಪೆಟ್ಟಾದರೆ ಬಾಯಿಗೇಕೆ ಬೀಗ?

ಕಳೆದ ಸಂಚಿಕೆಯಲ್ಲಿ ಹುಳಿಪುಡಿ ಮತ್ತು ಕಸ್ಟಮ್ಸ್ ಅಧಿಕಾರಿಗಳ ಬಗ್ಗೆ ಬರೆದದ್ದನ್ನು ಓದಿ ನಕ್ಕವರು ಈ ಸಲವೂ ನಗಲು ಸಿದ್ಧರಾಗಿ ಕುಳಿತಿದ್ದರೆ ಕ್ಷಮಿಸಬೇಕು. ಈ ಸಲದ ವಿಷಯ ಒಂದು ಮುರಿದ ಮಣಿಕಟ್ಟು.

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಹಾಸನದ ಕಡೆಯ ಗಂಡ ಹೆಂಡತಿ ಇದ್ದಾರೆ. ಆತ ಬೆಳಿಗ್ಗೆ ಪಾಥ್ ರೈಲು ಹಿಡಿದು ನ್ಯೂಯಾರ್ಕಿಗೆ ಹೋದರೆ ರಾತ್ರಿಯೇ ಮುಖ ಕಾಣುವುದು. ಆಕೆ ನಮ್ಮವರದೇ ಒಂದು ತಿಂಡಿ ಅಂಗಡಿಯ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಹೆಸರು, ಊರು, ಅಂಗಡಿ ಯಾವುದೂ ಬರೆಯಬಾರದೆಂಬ ಷರತ್ತಿನ ಮೇಲೆ ಈ ಕಥೆ ಹೇಳಲು ಒಪ್ಪಿದ್ದಾಳೆ. ಆದ್ದರಿಂದ ಯಾರೂ ಪತ್ತೇದಾರಿಕೆ ಮಾಡಬೇಡಿ. ಮಾರ್ಚ್ ತಿಂಗಳ ಒಂದು ಶನಿವಾರ, ದೋಸೆ ಹಿಟ್ಟಿನ ಬಕೆಟ್ಟು ಹಿಡಿದು ಬರುವಾಗ ಒದ್ದೆ ನೆಲದ ಮೇಲೆ ಜಾರಿ ಬಲಗೈ ಊರಿ ಬಿದ್ದಳು. ಹಿಟ್ಟೂ ಹೋಯಿತು, ಕೈಯೂ ಹೋಯಿತು.

ಯಜಮಾನರು ಕೆಟ್ಟವರಲ್ಲ. ತಾವೇ ಕಾರಿನಲ್ಲಿ ಕೂರಿಸಿಕೊಂಡು ಅರ್ಜೆಂಟ್ ಕೇರಿಗೆ ಕರೆದುಕೊಂಡು ಹೋದರು, ಎಕ್ಸ್-ರೇ ದುಡ್ಡು, ಪ್ಲಾಸ್ಟರಿನ ದುಡ್ಡು ತಾವೇ ಕೊಟ್ಟರು. ದಾರಿಯಲ್ಲಿ ಒಂದೇ ಮಾತು ಹೇಳಿದರಂತೆ: "ಕೇಳಿದರೆ ಮನೆಯಲ್ಲಿ ಬಿದ್ದೆ ಅಂತ ಹೇಳಮ್ಮ, ಇಲ್ಲದಿದ್ದರೆ ಸುಮ್ಮನೆ ತಲೆನೋವು." ಆಕೆ ಹಾಗೆಯೇ ಹೇಳಿದಳು. ಐದು ವಾರ ಮನೆಯಲ್ಲಿ ಕುಳಿತಿದ್ದಾಗ ಅರ್ಧ ಸಂಬಳವನ್ನು ಕವರಿನಲ್ಲಿ ಹಾಕಿ ಕಳಿಸಿದರು. ಊರಿನಲ್ಲಿ ಯಾವ ಸಾಹುಕಾರ ಇಷ್ಟು ಮಾಡುತ್ತಾನೆ ಹೇಳಿ.

ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಮುಷ್ಟಿ ಪೂರ್ತಿ ಮುಚ್ಚಲಿಲ್ಲ. ಜುಲೈ ಹೊತ್ತಿಗೆ ಚಪಾತಿ ಲಟ್ಟಿಸಲು ಆಗುತ್ತಿರಲಿಲ್ಲ. ಮೂಳೆ ವೈದ್ಯರು ಆಪರೇಷನ್ ಆಗಬೇಕಾಗಬಹುದು ಎಂದರು. ಯಜಮಾನರ ಉಪಕಾರ ಅಲ್ಲಿಗೆ ನಿಂತಿತು. ನಿಲ್ಲದೆ ಇನ್ನೇನು? ಎಕ್ಸ್-ರೇ ದುಡ್ಡು ಕೈಯಿಂದ ಕೊಡಬಹುದು, ಆಪರೇಷನ್ನಿನ ದುಡ್ಡನ್ನು ತಿಂಡಿ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಕೊಡಲಾಗುತ್ತದೆಯೇ? ಗಂಡನ ಆಫೀಸಿನ ಆರೋಗ್ಯ ವಿಮೆಯವರು, "ಇದು ಎಲ್ಲಿ ಆದ ಪೆಟ್ಟು?" ಎಂದು ಕಾಗದ ಕಳಿಸಿದರು. ಆ ಕಾಗದ ಹಿಡಿದುಕೊಂಡು ಆಕೆ ನಮ್ಮ ಮನೆಗೆ ಬಂದಳು.

"ಅಂಕಲ್, ಇದರಲ್ಲಿ ಏನು ಬರೆಯಲಿ?"

"ಆದದ್ದನ್ನು ಬರೆ."

"ಅಣ್ಣನ ಮೇಲೆ ಕೇಸ್ ಹಾಕಿದ ಹಾಗೆ ಆಗುವುದಿಲ್ಲವೇ?"

ಈ ಅಂಕಣ ಬರೆಯಲು ಕುಳಿತದ್ದು ಆ ಒಂದು ಪ್ರಶ್ನೆಗೋಸ್ಕರ. ಆ ದಿನ ಉತ್ತರ ಸರಿಯಾಗಿ ಹೇಳಲಾಗಲಿಲ್ಲ. ಆಮೇಲೆ ನ್ಯೂಜೆರ್ಸಿ ಕಾರ್ಮಿಕ ಇಲಾಖೆಯ ಕಾಗದಗಳನ್ನು ಓದಿದೆ, ವಕೀಲರೊಬ್ಬರ ಮುಂದೆ ಕುಳಿತೆ, ಹಳೆಯ ಇತಿಹಾಸವನ್ನೂ ಸ್ವಲ್ಪ ಕೆದಕಿದೆ.

ಹಳೆಯ ಕಥೆ ನಮ್ಮ ಹ್ಯಾರಿಸನ್ನಿನಿಂದಲೇ ಶುರುವಾಗುತ್ತದೆ. ಇಂದು ಇಲ್ಲಿ ಕಾಣುವುದು ಹೊಸ ಅಪಾರ್ಟ್‌ಮೆಂಟುಗಳು, ಫುಟ್‌ಬಾಲ್ ಕ್ರೀಡಾಂಗಣ, ರೈಲಿಗೆ ಓಡುವ ನಮ್ಮ ಹುಡುಗರ ಬೆನ್ನುಚೀಲಗಳು. ಒಂದು ಕಾಲಕ್ಕೆ ಪಸಾಯಿಕ್ ನದಿಯ ದಂಡೆಯ ಈ ಪುಟ್ಟ ಊರು ಕಾರ್ಖಾನೆಗಳಿಂದ ಕಿಕ್ಕಿರಿದಿತ್ತು. ಎಡಿಸನ್ ಮಹಾಶಯ ತನ್ನ ದೀಪದ ಬುರುಡೆಗಳ ಕಾರ್ಖಾನೆಯನ್ನು 1882ರ ಸುಮಾರಿಗೆ ಮೆನ್ಲೋ ಪಾರ್ಕಿನಿಂದ ಇಲ್ಲಿಗೆ ತಂದ. ಮುಂದೆ ಆ ಜಾಗಕ್ಕೆ ಆರ್.ಸಿ.ಎ. ಕಂಪನಿ ಬಂದು ರೇಡಿಯೋ ವಾಲ್ವುಗಳನ್ನು ಮಾಡಿತು. ಅದೂ 1976ರಲ್ಲಿ ಬಾಗಿಲು ಹಾಕಿತು. ನಮ್ಮ ಅಪ್ಪನ ಕಾಲದ ದೊಡ್ಡ ರೇಡಿಯೋದ ಹೊಟ್ಟೆಯಲ್ಲಿ ಹ್ಯಾರಿಸನ್ನಿನ ವಾಲ್ವು ಇದ್ದಿರಬಹುದೋ ಏನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇರಲಿ, ದಾರಿ ತಪ್ಪಿದೆ.

ಎಡಿಸನ್ನನ ಆ ಬುರುಡೆ ಕಾರ್ಖಾನೆಯಲ್ಲಿ ಕ್ಲಾರೆನ್ಸ್ ಡಾಲಿ ಎಂಬ ಗಾಜು ಊದುವ ಕೆಲಸಗಾರನಿದ್ದ. ಅವನ ತಂದೆ, ಅಣ್ಣತಮ್ಮಂದಿರೂ ಅಲ್ಲೇ ದುಡಿಯುತ್ತಿದ್ದರು. ಕೈ ಚಳಕವಿದ್ದವನು, ಎಡಿಸನ್ ತನ್ನ ವೆಸ್ಟ್ ಆರೆಂಜ್ ಪ್ರಯೋಗಶಾಲೆಗೆ ಕರೆಸಿಕೊಂಡ. 1895ರ ಕೊನೆಯಲ್ಲಿ ಜರ್ಮನಿಯಲ್ಲಿ ರಾಂಟ್‌ಗೆನ್ ಎಕ್ಸ್-ಕಿರಣ ಕಂಡುಹಿಡಿದ ಸುದ್ದಿ ಬಂದದ್ದೇ ತಡ, ಇಲ್ಲಿಯೂ ಪ್ರಯೋಗಗಳು ನಡೆದವು. ಕೊಳವೆ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಡಾಲಿ ತನ್ನ ಕೈಯನ್ನೇ ಅಡ್ಡ ಹಿಡಿಯುತ್ತಿದ್ದ, ದಿನವೂ, ಮತ್ತೆ ಮತ್ತೆ. ಮೊದಲು ಚರ್ಮ ಸುಟ್ಟಿತು, ಆಮೇಲೆ ಹುಣ್ಣಾಯಿತು, ಆಮೇಲೆ ಕ್ಯಾನ್ಸರ್. ಎಡಗೈ ಕತ್ತರಿಸಿದರು, ಬಲಗೈಯ ಬೆರಳುಗಳನ್ನು ತೆಗೆದರು, ಕೊನೆಗೆ ಎರಡು ತೋಳುಗಳೂ ಹೋದವು. 1904ರ ಅಕ್ಟೋಬರಿನಲ್ಲಿ, ಇನ್ನೂ ನಲವತ್ತು ತುಂಬದವನು, ತೀರಿಕೊಂಡ. ಎಡಿಸನ್ ಹೆದರಿ ಎಕ್ಸ್-ಕಿರಣದ ಸಹವಾಸವನ್ನೇ ಬಿಟ್ಟ. ಡಾಲಿ ಕೆಲಸ ಮಾಡಲಾಗದಾದ ಮೇಲೂ ಅವನಿಗೆ ಸಂಬಳ ಕೊಡುತ್ತಲೇ ಇದ್ದ ಎನ್ನುವುದನ್ನೂ ಹೇಳಬೇಕು.

ಈ ಕೊನೆಯ ಮಾತೇ ನನ್ನನ್ನು ಕಾಡಿದ್ದು. ಎಡಿಸನ್ ಕೊಟ್ಟ, ಏಕೆಂದರೆ ಕೊಡಬೇಕೆನಿಸಿತು. ಕೊಡದೆ ಇದ್ದಿದ್ದರೆ? ಆ ಕಾಲದಲ್ಲಿ ಕೆಲಸಗಾರನಿಗೆ ಇದ್ದದ್ದು ಕೋರ್ಟಿಗೆ ಹೋಗಿ "ಯಜಮಾನನ ತಪ್ಪಿನಿಂದ ಪೆಟ್ಟಾಯಿತು" ಎಂದು ಸಾಬೀತು ಮಾಡುವ ದಾರಿ ಒಂದೇ. ನಿನ್ನ ಅಜಾಗರೂಕತೆಯೂ ಇತ್ತು, ಜೊತೆಯವನ ತಪ್ಪು, ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದೆ, ಈ ಮೂರರಲ್ಲಿ ಒಂದನ್ನು ಯಜಮಾನನ ವಕೀಲ ತೋರಿಸಿದರೂ ಮುಗಿಯಿತು, ಬರಿಗೈ. ಬರಿಗೈ ಎಂದರೆ ಡಾಲಿಯಂಥವರಿಗೆ ಅದೂ ಉಳಿದಿರಲಿಲ್ಲ.

ನ್ಯೂಜೆರ್ಸಿಯಲ್ಲಿ ಇದು ಬದಲಾದದ್ದು 1911ರಲ್ಲಿ. ಆಗ ಗವರ್ನರ್ ಆಗಿದ್ದ ವುಡ್ರೋ ವಿಲ್ಸನ್ ಏಪ್ರಿಲಿನಲ್ಲಿ ಸಹಿ ಹಾಕಿದರು, ಜುಲೈ 4ರಿಂದ ಕಾಯಿದೆ ಜಾರಿಗೆ ಬಂತು. ನದಿಯಾಚೆ ನ್ಯೂಯಾರ್ಕಿನಲ್ಲಿ ಅದಕ್ಕೂ ಮೊದಲೇ, 1910ರಲ್ಲಿ, ಕಾಯಿದೆ ಮಾಡಿದ್ದರು. ಅಲ್ಲಿಯ ಅತ್ಯುಚ್ಚ ನ್ಯಾಯಾಲಯ ಅದನ್ನು 1911ರ ಮಾರ್ಚ್ 24ರಂದು ಹೊಡೆದುಹಾಕಿತು. ಮರುದಿನವೇ, ಮಾರ್ಚ್ 25ರ ಶನಿವಾರ ಸಂಜೆ, ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು, ಹೆಚ್ಚಿನವರು ಹೊರದೇಶದಿಂದ ಬಂದ ಎಳೆಯ ಹೆಣ್ಣುಮಕ್ಕಳು. ಆ ಕಟ್ಟಡ ವಾಷಿಂಗ್ಟನ್ ಸ್ಕ್ವೇರ್ ಬಳಿ ಇಂದೂ ನಿಂತಿದೆ. ನ್ಯೂಯಾರ್ಕಿನವರು ರಾಜ್ಯದ ಸಂವಿಧಾನವನ್ನೇ ತಿದ್ದಿ, 1914ರಲ್ಲಿ ಮತ್ತೆ ಕಾಯಿದೆ ತಂದರು. ಬ್ರಿಟಿಷ್ ಇಂಡಿಯಾಕ್ಕೆ ಅಂಥ ಕಾಯಿದೆ ಬಂದದ್ದು 1923ರಲ್ಲಿ.

ಈಗ ನೋಡಿ, ಈ ಕಾಯಿದೆ ಒಂದು ಚೌಕಾಸಿ. ಕೆಲಸಗಾರ ಹೇಳಿದ: ನಾನು ನಿನ್ನ ಮೇಲೆ ದಾವೆ ಹೂಡುವ ಹಕ್ಕು ಬಿಡುತ್ತೇನೆ. ಯಜಮಾನ ಹೇಳಿದ: ತಪ್ಪು ಯಾರದೆಂದು ಕೇಳದೆ ನಾನು ಚಿಕಿತ್ಸೆಯ ಖರ್ಚು, ಸಂಬಳದ ಒಂದು ಪಾಲು, ಅಂಗ ಊನವಾದರೆ ಅದಕ್ಕೆ ಪರಿಹಾರ ಕೊಡುತ್ತೇನೆ, ಅದಕ್ಕಾಗಿ ಮುಂಚೆಯೇ ವಿಮೆ ಮಾಡಿಸುತ್ತೇನೆ. ನಮ್ಮ ಹುಡುಗಿ ದಾವೆ ಹೂಡುವ ಹಕ್ಕನ್ನು ಕೆಲಸಕ್ಕೆ ಸೇರಿದ ದಿನವೇ ಕಳೆದುಕೊಂಡಿದ್ದಾಳೆ; ಯಜಮಾನ ಬೇಕೆಂದೇ ಅಪಾಯಕ್ಕೆ ದೂಡಿದಂಥ ಅಪರೂಪದ ಸಂದರ್ಭ ಬಿಟ್ಟರೆ ಆಕೆ ಕೋರ್ಟಿಗೆ ಹೋಗುವಂತೆಯೇ ಇಲ್ಲ. ಅಂದರೆ ಬೆಲೆ ಆಗಲೇ ತೆತ್ತಾಗಿದೆ. ಸಾಮಾನು ತೆಗೆದುಕೊಳ್ಳಲು ಮಾತ್ರ ನಾಚಿಕೆ! ಬೆಂಗಳೂರಿನ ಕಾರ್ಖಾನೆಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ಇ.ಎಸ್.ಐ. ಗೊತ್ತು. ಅಲ್ಲಿ ಕೆಲಸಗಾರನ ಸಂಬಳದಿಂದಲೂ ವಂತಿಗೆ ಹಿಡಿಯುತ್ತಾರೆ. ಇಲ್ಲಿ ಈ ವಿಮೆಯ ಪ್ರೀಮಿಯಂ ಪೂರ್ತಿ ಯಜಮಾನನದೇ.

ಇನ್ನು ವ್ಯವಹಾರದ ಮಾತು. ಮೊದಲನೆಯದು, ಬಾಯಿ ಬಿಡುವುದು. ಪೆಟ್ಟಾದ ಕೂಡಲೆ ಯಜಮಾನನಿಗೋ ಮೇಲ್ವಿಚಾರಕನಿಗೋ ಹೇಳಬೇಕು. ನ್ಯೂಜೆರ್ಸಿಯಲ್ಲಿ ಬಾಯಲ್ಲಿ ಹೇಳಿದರೂ ನಡೆಯುತ್ತದೆ, ಆದರೆ ಬಾಯಿಮಾತು ಗಾಳಿಗೆ ಹೋಗುವ ವಸ್ತು. ಎರಡು ಸಾಲು ಬರೆದು ಕಳಿಸಿ, ಫೋನಿನ ಸಂದೇಶವಾದರೂ ಸರಿ. ಯಾವ ದಿನ, ಎಷ್ಟು ಗಂಟೆ, ಎಲ್ಲಿ, ಹೇಗೆ, ಯಾರು ನೋಡಿದರು. ಕಾಯಿದೆ 14 ದಿನ, 30 ದಿನ, 90 ದಿನ ಎಂದು ಮೆಟ್ಟಿಲು ಇಟ್ಟಿದೆ, ತಡವಾದಷ್ಟೂ ತಕರಾರು ಜಾಸ್ತಿ. ಯಜಮಾನ ಕಣ್ಣಾರೆ ಕಂಡಿದ್ದರೆ, ಅವನಿಗೆ ತಿಳಿದಿದೆ ಎಂದೇ ಲೆಕ್ಕ. ನಮ್ಮ ಹುಡುಗಿಯ ಪುಣ್ಯ, ಯಜಮಾನರೇ ಮರುದಿನ ಫೋನಿನಲ್ಲಿ "ಕೈ ಹೇಗಿದೆ? ಅಡಿಗೆಮನೆಯ ನೀರು ಒರೆಸುವುದಕ್ಕೆ ಹೇಳಿದ್ದೇನೆ" ಎಂದು ಬರೆದು ಕಳಿಸಿದ್ದರು. ಪ್ರೀತಿಯಿಂದ ಬರೆದ ಸಾಲು, ಸಾಕ್ಷಿಯೂ ಆಯಿತು.

ಎರಡನೆಯದು ಆಸ್ಪತ್ರೆಯಲ್ಲಿ ನಿಜ ಹೇಳುವುದು. ಅಲ್ಲಿ "ಎಲ್ಲಿ ಆಯಿತು?" ಎಂದು ಕೇಳಿ ಬರೆದುಕೊಳ್ಳುವ ಒಂದು ಸಾಲನ್ನು ಮುಂದೆ ಎಲ್ಲರೂ ತೆರೆದು ಓದುತ್ತಾರೆ. "ಮನೆಯಲ್ಲಿ ಬಿದ್ದೆ" ಎಂಬ ಮೂರು ಸೆಕೆಂಡಿನ ಸುಳ್ಳು ಈ ಹುಡುಗಿಗೆ ಎಷ್ಟು ತಿಂಗಳ ನಿದ್ದೆ ಕೆಡಿಸಿತು ಎಂಬುದನ್ನು ನಾನು ನೋಡಿದ್ದೇನೆ. "ಸುಳ್ಳು ಹೇಳಿದವಳು ನಾನೇ ಅಲ್ಲವೇ ಅಂಕಲ್, ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ?" ಎಂದು ಅತ್ತಳು. ವಕೀಲರು ಮಾತ್ರ ಆಶ್ಚರ್ಯಪಡಲಿಲ್ಲ. ಇಂಥದ್ದು ವಾರಕ್ಕೊಂದು ಬರುತ್ತದೆ, ಯಾಕೆ ಹಾಗೆ ಹೇಳಿದಿರೆಂದು ಇದ್ದದ್ದು ಇದ್ದ ಹಾಗೆ ಹೇಳಿ, ಸಾಕ್ಷಿ ಇದೆಯಲ್ಲ, ಎಂದರು.

ತುರ್ತಿನ ಹೊತ್ತಿನಲ್ಲಿ ಯಾವ ಆಸ್ಪತ್ರೆಗಾದರೂ ಹೋಗಬಹುದು. ಆಮೇಲಿನ ಚಿಕಿತ್ಸೆಗೆ ನ್ಯೂಜೆರ್ಸಿಯಲ್ಲಿ ವೈದ್ಯರನ್ನು ಆರಿಸುವ ಅಧಿಕಾರ ಯಜಮಾನನ ವಿಮೆಯವರದು. ನಮಗೆ ಗೊತ್ತಿರುವ ಡಾಕ್ಟರರ ಹತ್ತಿರ ಹೋದರೆ ಆ ಬಿಲ್ಲು ನಮ್ಮ ತಲೆಗೇ ಬೀಳಬಹುದು. ಅವರು ಕಳಿಸಿದ ವೈದ್ಯರಿಗೆ ನಾವು ಕೈಯಿಂದ ಒಂದು ಡಾಲರೂ ಕೊಡಬೇಕಾಗಿಲ್ಲ.

ಏಳು ದಿನಕ್ಕಿಂತ ಹೆಚ್ಚು ಕೆಲಸ ತಪ್ಪಿದರೆ ವಾರದ ಸಂಬಳದ ನೂರಕ್ಕೆ 70ರಷ್ಟು ಬರುತ್ತದೆ, ಮೊದಲ ದಿನದಿಂದ ಲೆಕ್ಕ ಹಿಡಿದು. ಇದಕ್ಕೆ ರಾಜ್ಯ ವರ್ಷವರ್ಷವೂ ಒಂದು ಮೇಲ್ಮಿತಿ, ಒಂದು ಕೆಳಮಿತಿ ಕಟ್ಟುತ್ತದೆ. ವಾರಕ್ಕೆ 640 ಡಾಲರ್ ಸಂಬಳವಿದ್ದವರಿಗೆ 448. ಈ ಹಣಕ್ಕೆ ಆದಾಯ ತೆರಿಗೆ ಇಲ್ಲ. ಕವರಿನಲ್ಲಿ ಬಂದ ಅರ್ಧ ಸಂಬಳವೆಂದರೆ 320. ಉಪಕಾರಕ್ಕೂ ಹಕ್ಕಿಗೂ ಇದ್ದ ವ್ಯತ್ಯಾಸ ವಾರಕ್ಕೆ 128 ಡಾಲರ್. ಅದನ್ನು ಕಾಗದದ ಮೇಲೆ ಗುಣಿಸಿ ತೋರಿಸಿದಾಗ ಆಕೆ ಸುಮ್ಮನಾದಳು. ಸಂಬಳದ ಒಂದು ಭಾಗವನ್ನು ಲೆಕ್ಕಕ್ಕೆ ಸಿಗದ ಹಾಗೆ ನಗದಾಗಿ ತೆಗೆದುಕೊಳ್ಳುವ ನಮ್ಮವರು ಇಲ್ಲಿ ಸ್ವಲ್ಪ ಯೋಚಿಸಬೇಕು. ಚೀಟಿಯಲ್ಲಿ ಇಲ್ಲದ ಸಂಬಳಕ್ಕೆ ಶೇಕಡಾ 70 ಕೇಳಲು ಹೊರಟರೆ ಮೊದಲು ಅದು ಸಂಬಳವೇ ಎಂದು ತೋರಿಸಬೇಕಾಗುತ್ತದೆ.

ಗುಣವಾದ ಮೇಲೂ ಊನ ಉಳಿದರೆ ಅದಕ್ಕೆ ಬೇರೆ ಪರಿಹಾರ. ಇಲ್ಲಿ ಕಾಯಿದೆ ಒಂದು ವಿಚಿತ್ರ ಪಟ್ಟಿ ಇಟ್ಟಿದೆ. ಹೆಬ್ಬೆರಳು ಪೂರ್ತಿ ಹೋದರೆ 75 ವಾರಗಳ ಹಣ, ತೋರುಬೆರಳಿಗೆ 50, ನಡುಬೆರಳಿಗೆ 40, ಉಂಗುರದ ಬೆರಳಿಗೆ 30, ಕಿರುಬೆರಳಿಗೆ 20. ಪೂರ್ತಿ ಹೋಗದೆ ಕೆಲಸ ಕುಂದಿದ್ದರೆ ಶೇಕಡಾವಾರು ಅಷ್ಟಷ್ಟು. ಓದುವಾಗ ನನಗೆ ಏಕಲವ್ಯ ನೆನಪಾದ; ಗುರುದಕ್ಷಿಣೆಯ ಬದಲು ಅವನದು ಕೂಲಿಯಾಗಿದ್ದರೆ 75 ವಾರವಾದರೂ ಮನೆ ನಡೆಯುತ್ತಿತ್ತು. ತಮಾಷೆ ಬಿಟ್ಟು ಹೇಳಬೇಕೆಂದರೆ, ನೋವು, ಸಂಕಟ, ಅವಮಾನ, ರಾತ್ರಿ ಬಾರದ ನಿದ್ದೆ ಈ ಪಟ್ಟಿಯಲ್ಲಿ ಇಲ್ಲ. ಚೌಕಾಸಿಯಲ್ಲಿ ನಾವು ಬಿಟ್ಟುಕೊಟ್ಟದ್ದು ಅದೇ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಎಲ್ಲಿ ಗೊತ್ತೆ? ಯಜಮಾನ ವಿಮೆಗೆ ಹೇಳಿದ, ವಿಮೆಯವರು ರಾಜ್ಯಕ್ಕೆ ವರದಿ ಕಳಿಸಿದರು, ಆದ್ದರಿಂದ ನನ್ನ ಅರ್ಜಿ ಹೋಗಿದೆ ಎಂದುಕೊಳ್ಳುವುದರಲ್ಲಿ. ಅದು ಅವರ ವರದಿ. ತಕರಾರು ಬಂದಾಗ ನಮ್ಮ ಹಕ್ಕನ್ನು ಉಳಿಸುವುದು ರಾಜ್ಯದ ವರ್ಕರ್ಸ್ ಕಾಂಪೆನ್ಸೇಷನ್ ವಿಭಾಗಕ್ಕೆ ನಾವೇ ಸಲ್ಲಿಸುವ ಕ್ಲೇಮ್ ಪಿಟಿಷನ್ ಎಂಬ ಅರ್ಜಿ. ಅದಕ್ಕೆ ಗಡುವು ಪೆಟ್ಟಾದ ದಿನದಿಂದ ಅಥವಾ ಕೊನೆಯ ಪರಿಹಾರ ಸಂದಾಯವಾದ ದಿನದಿಂದ, ಯಾವುದು ಆಮೇಲಿನದೋ ಅದರಿಂದ, ಎರಡು ವರ್ಷ. ಇನ್ಫಾರ್ಮಲ್ ಹಿಯರಿಂಗ್ ಎಂಬ ಸುಲಭದ ದಾರಿಯೂ ಒಂದಿದೆ, ಒಳ್ಳೆಯದೇ. ಆದರೆ ಅದಕ್ಕೆ ಅರ್ಜಿ ಹಾಕಿದರೆ ಎರಡು ವರ್ಷದ ಗಡಿಯಾರ ನಿಲ್ಲುವುದಿಲ್ಲ. ಮಾತುಕತೆಯಲ್ಲೇ ಕಾಲ ಕಳೆದು ಹಕ್ಕು ಕಳೆದುಕೊಂಡವರು ಇದ್ದಾರೆ. ವಕೀಲರಿಗೆ ಮುಂಗಡ ಫೀಸು ಕೊಡಬೇಕಾಗಿಲ್ಲ. ಅದನ್ನು ನ್ಯಾಯಾಧೀಶರು ನಿಗದಿ ಮಾಡುತ್ತಾರೆ. ಕೊನೆಯಲ್ಲಿ ಸೆಕ್ಷನ್ 20 ಎಂದು ಹೆಸರಿರುವ ಒಂದು ರಾಜಿಪತ್ರ ಮುಂದೆ ಇಟ್ಟರೆ ಎರಡು ಸಲ ಓದಿ: ಒಂದೇ ಗಂಟಿನಲ್ಲಿ ದುಡ್ಡು, ಆದರೆ ಮುಂದೆ ನೋವು ಹೆಚ್ಚಾದರೂ ಆ ಕಡತ ಮತ್ತೆ ತೆರೆಯುವಂತಿಲ್ಲ.

ಹ್ಯಾರಿಸನ್ನಿನಲ್ಲಿ ಮಲಗಿ ಮ್ಯಾನ್‌ಹಟನ್ನಿನಲ್ಲಿ ದುಡಿಯುವ ನಮ್ಮ ರೈಲು ಮಿತ್ರರಿಗೆ ಒಂದು ಮಾತು. ಕೆಲಸ ನ್ಯೂಯಾರ್ಕಿನದು, ಪೆಟ್ಟೂ ಅಲ್ಲೇ ಆಗಿದ್ದರೆ ಸಾಮಾನ್ಯವಾಗಿ ಹಿಡಿಯಬೇಕಾದ್ದು ನ್ಯೂಯಾರ್ಕಿನ ಕಾಯಿದೆ. ಅಲ್ಲಿ 30 ದಿನದೊಳಗೆ ಯಜಮಾನನಿಗೆ ಬರಹದಲ್ಲಿ ತಿಳಿಸಬೇಕು, ಸಿ-3 ಎಂಬ ಅರ್ಜಿಯನ್ನು ಎರಡು ವರ್ಷದೊಳಗೆ ಬೋರ್ಡಿಗೆ ಕಳಿಸಬೇಕು, ಸಂಬಳದ ಮೂರರಲ್ಲಿ ಎರಡು ಪಾಲಿನ ಲೆಕ್ಕ, ಬೋರ್ಡು ಒಪ್ಪಿದ ವೈದ್ಯರಲ್ಲಿ ನಮಗೆ ಬೇಕಾದವರನ್ನು ಆರಿಸಬಹುದು. ನದಿ ದಾಟಿದರೆ ಇಷ್ಟು ವ್ಯತ್ಯಾಸ.

ಕಂಪ್ಯೂಟರಿನವರು "ಇದು ಅಡಿಗೆಮನೆಯವರ ಪಾಡು" ಎಂದು ಪುಟ ತಿರುಗಿಸಬೇಡಿ. ಕೀಲಿ ಒತ್ತಿ ಒತ್ತಿ ಮಣಿಕಟ್ಟಿನ ನರ ಹಿಡಿದುಕೊಂಡರೆ ಅದೂ ಕೆಲಸದ ಕಾಯಿಲೆಯಾಗಬಹುದು. ನಿಧಾನವಾಗಿ ಬರುವ ಇಂಥ ಕಾಯಿಲೆಗಳಿಗೆ ಕಾಯಿದೆ ಕಣ್ಣು ಬಿಟ್ಟ ಕಥೆಯೂ ನಮ್ಮ ಪಕ್ಕದ್ದೇ. ಇಲ್ಲಿಗೆ ಕೆಲವೇ ಮೈಲಿ ದೂರದ ಆರೆಂಜ್ ಊರಿನಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚವನ್ನು ತುಟಿಯಲ್ಲಿ ಮೊನೆ ಮಾಡಿ ಮಾಡಿ ವಿಷ ಉಂಡರು. ದವಡೆ ಕೊಳೆಯುವ ಹೊತ್ತಿಗೆ ವರ್ಷಗಳು ಕಳೆದಿದ್ದವು, ಗಡುವೂ ಕಳೆದಿತ್ತು. 1927ರಲ್ಲಿ ಗ್ರೇಸ್ ಫ್ರಯರ್ ಎಂಬಾಕೆ ದಾವೆ ಹೂಡಿದಳು, ಇನ್ನೂ ನಾಲ್ವರು ಜೊತೆಯಾದರು. 1928ರಲ್ಲಿ ರಾಜಿಯಾಗಿ ಒಬ್ಬೊಬ್ಬರಿಗೆ 10,000 ಡಾಲರ್ ಮತ್ತು ವರ್ಷಕ್ಕೆ 600 ಡಾಲರ್ ಎಂದಾಯಿತು. ಇಂದು ನ್ಯೂಜೆರ್ಸಿಯಲ್ಲಿ ಕೆಲಸದ ಕಾಯಿಲೆಗೆ ಎರಡು ವರ್ಷದ ಲೆಕ್ಕ ಶುರುವಾಗುವುದು ಕಾಯಿಲೆ ಇಂಥದ್ದು, ಕೆಲಸದಿಂದ ಬಂದದ್ದು ಎಂದು ನಮಗೆ ತಿಳಿದಾಗಿನಿಂದ.

ವೀಸಾ ಭಯದ ಮಾತು ಬೇರೆ ಇದೆ. ಗಂಡನ ವೀಸಾದ ಮೇಲೆ ಬಂದು, ಅನುಮತಿಯಿಲ್ಲದೆ ಕೆಲಸ ಮಾಡುತ್ತಿರುವವರು ಪೆಟ್ಟು ತಿಂದರೂ ತುಟಿ ಬಿಚ್ಚುವುದಿಲ್ಲ. ಹಾಗೆ ಕೆಲಸ ಮಾಡಿ ಎಂದು ನಾನು ಹೇಳಲಾರೆ. ಆದರೆ ಕಾಗದಪತ್ರವಿಲ್ಲದ ಕೆಲಸಗಾರನಿಗೂ ಈ ಪರಿಹಾರದ ಹಕ್ಕುಂಟು ಎಂದು ನ್ಯೂಜೆರ್ಸಿಯ ಅಪೀಲು ನ್ಯಾಯಾಲಯ 1996ರಲ್ಲೇ ಹೇಳಿದೆ. ಅಂಥವರು ವಲಸೆ ಕಾನೂನು ಬಲ್ಲ ವಕೀಲರನ್ನೂ ಕೇಳಿ ಹೆಜ್ಜೆ ಇಡಬೇಕು. ಅರ್ಜಿ ಹಾಕಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾಯಿದೆಗೆ ವಿರುದ್ಧ.

ಆಗಸ್ಟಿನಲ್ಲಿ ಆಕೆ, ಆಕೆಯ ಗಂಡ, ನಾನು ಮೂವರೂ ಯಜಮಾನರ ಬಳಿಗೆ ಹೋದೆವು. ಗಂಡ ಬಾಯಿ ತೆಗೆಯಲಿಲ್ಲ; ಮಾತಾಡಿದವಳು ಅವಳೇ.

"ಅಣ್ಣ, ನಾನು ಅರ್ಜಿ ಹಾಕುತ್ತಿದ್ದೇನೆ. ನಿಮಗೆ ಗೊತ್ತಿಲ್ಲದೆ ಹಾಕಬಾರದು ಅಂತ ಹೇಳೋಕೆ ಬಂದೆ."

ಯಜಮಾನರ ಮುಖ ಕೆಂಪಾಯಿತು. "ನಾನೇನು ಕಡಿಮೆ ಮಾಡಿದ್ದೆನಮ್ಮ ನಿನಗೆ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ನೀವು ಹಿರಿಯರು, ನೀವೇ ಇದನ್ನೆಲ್ಲ ಹೇಳಿಕೊಟ್ಟಿರಾ?" ಎಂದರು.

ನಾನು ಹೌದೆಂದೆ. ಗೋಡೆಯ ಮೇಲೆ, ಕ್ಯಾಲೆಂಡರಿನ ಹಿಂದೆ ಅರ್ಧ ಮುಚ್ಚಿಹೋಗಿದ್ದ ವಿಮೆಯ ನೋಟೀಸು ತೋರಿಸಿದೆ. ಅದನ್ನು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕುವುದು ಯಜಮಾನರ ಕರ್ತವ್ಯ. "ಇಷ್ಟು ವರ್ಷ ಪ್ರೀಮಿಯಂ ಕಟ್ಟಿದ್ದೀರಲ್ಲ, ಯಾವ ದಿನಕ್ಕೆ ಅಂತ ಕಟ್ಟಿದಿರಿ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಕ್ಲೇಮ್ ಆದರೆ ಮುಂದಿನ ವರ್ಷ ಪ್ರೀಮಿಯಂ ಏರಿಸುತ್ತಾರೆ, ಬಾಡಿಗೆ ಏರಿದೆ, ಉದ್ದಿನ ಬೇಳೆ ಏರಿದೆ ಎಂದು ತಮ್ಮ ಕಷ್ಟ ಹೇಳಿಕೊಂಡರು. ಸುಳ್ಳಲ್ಲ ಅದು. ಸಣ್ಣ ಅಂಗಡಿಯವರ ಪಾಡು ನನಗೆ ಗೊತ್ತಿದೆ, ಆ ದಿನ ಅವರ ಮೇಲೆ ನನಗೆ ಕೋಪ ಬರಲಿಲ್ಲ. ಆದರೆ ಅವರ ಪ್ರೀಮಿಯಂ ಉಳಿಸಲು ಈ ಹುಡುಗಿ ತನ್ನ ಬಲಗೈ ಕೊಡಬೇಕೇ? ನಮ್ಮವರು ಎಂಬ ಮಾತು ಎರಡೂ ಕಡೆಗೆ ಅನ್ವಯಿಸಬೇಕಷ್ಟೆ. ನಾವು ಹೊರಡುವಾಗ ಅವರು ಕಾಫಿ ಕೊಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ಅರ್ಜಿ ಸೆಪ್ಟೆಂಬರಿನಲ್ಲಿ ಹೋಯಿತು. ವಿಮೆಯವರು ಮೊದಲು ಆಸ್ಪತ್ರೆಯ ಆ ಸಾಲನ್ನು ಹಿಡಿದು ಒಪ್ಪುವುದಿಲ್ಲ ಎಂದರು. ಆಮೇಲೆ ಯಜಮಾನರನ್ನು ಕೇಳಿದಾಗ, ಅವರ ದೊಡ್ಡತನ ಹೇಳಲೇಬೇಕು, ಅಂಗಡಿಯಲ್ಲೇ ಬಿದ್ದದ್ದು ಎಂದು ಒಪ್ಪಿಕೊಂಡರಂತೆ. ಈಗ ವಿಮೆಯವರ ವೈದ್ಯರು ಕೈ ನೋಡುತ್ತಿದ್ದಾರೆ. ಆಪರೇಷನ್ ಆಗುತ್ತದೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಆಕೆ ಅದೇ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತು, ಎಡಗೈಯಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಿದ್ದಾಳೆ.

ಎರಡೂ ರಾಜ್ಯಗಳ ಅರ್ಜಿಯ ನಮೂನೆಗಳ ಕೆಲವು ಪ್ರತಿಗಳನ್ನು ಮಾಡಿಸಿ ಇಟ್ಟಿದ್ದೇನೆ. ಸಂಕ್ರಾಂತಿ ಕೂಟಕ್ಕೆ ತರುತ್ತೇನೆ. ಎಳ್ಳು ಬೀರುವ ಮೇಜಿನ ಪಕ್ಕದಲ್ಲಿ ಇರುತ್ತೇನೆ. ತುಂಬಲು ಬಾರದವರು ಸಂಕೋಚವಿಲ್ಲದೆ ಬನ್ನಿ, ಬರುವಾಗ ಸಂಬಳದ ಚೀಟಿಗಳನ್ನು ಮರೆಯದೆ ತನ್ನಿ.